ಹೊಸ್ತಿಲು ಇರುವ ಗ್ಯಾರೇಜು

ನಮ್ಮ ಎದುರು ಮನೆಯ ಬಸವರಾಜ ಹೋದ ತಿಂಗಳು ಒಂದು ಗಾಡಿ ತಂದ. ನಾವು ನೀವು ತಿಳಿದಂಥ ಗಾಡಿಯಲ್ಲ ಅದು. ಅದರ ಹೊಟ್ಟೆಯೊಳಗೆ ಮಲಗಲು ಮಂಚ, ಚಹಾ ಕಾಸಲು ಒಲೆ, ಕೈ ತೊಳೆಯಲು ನಲ್ಲಿ, ಉಂಡಾದ ಮೇಲೆ ಮಡಚಿ ಗೋಡೆಗೆ ಒರಗಿಸುವ ಟೇಬಲ್ಲು, ಎಲ್ಲ ಇವೆ. ರಜೆ ಬಂದರೆ ಹೆಂಡತಿ ಮಕ್ಕಳನ್ನು ತುಂಬಿಕೊಂಡು ಊರೂರು ತಿರುಗುವುದಂತೆ, ಕತ್ತಲಾದಲ್ಲಿ ನಿಲ್ಲಿಸಿ ಒಳಗೇ ಮಲಗುವುದಂತೆ. ಬಹಳ ಚೆನ್ನಾಗಿದೆ. ಆದರೆ ಗಾಡಿ ಮನೆ ಮುಂದೆ ಬಂದು ನಿಂತ ಮೇಲೆ ಗಂಡ ಹೆಂಡತಿಗೆ ನೆನಪಾಯಿತು, ಅದನ್ನು ಇಡಲಿಕ್ಕೆ ಜಾಗವೇ ಇಲ್ಲವೆಂದು. ಅಂದಿನಿಂದ ಇಬ್ಬರೂ ಬೆಳಗು ಬೈಗು ಟೇಪು ಹಿಡಿದು ಅಂಗಳ ಅಳೆಯುತ್ತಿದ್ದಾರೆ. ತುಳಸಿಕಟ್ಟೆ ಒಡೆಯಬೇಕೋ, ನುಗ್ಗೆ ಗಿಡ ಕಡಿಯಬೇಕೋ ಎಂದು ಜಗಳವೂ ನಡೆದಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ, ನಿಜ. ಆದರೆ ಇಷ್ಟು ದೊಡ್ಡ ಕೂಸಾದರೆ ತೊಟ್ಟಿಲ ವಿಚಾರವನ್ನಾದರೂ ಮೊದಲೇ ಮಾಡಬೇಕಲ್ಲವೆ?

ನಿನ್ನೆ ಅವನು ನನ್ನ ಹತ್ತಿರ ಬಂದ. "ಅಕ್ಕಾರ, ನೀವು ಹಿರ್ಯಾರು, ಈ ಓಣ್ಯಾಗ ಎಲ್ಲಾರಕಿಂತ ಮೊದಲ ಮನಿ ಕಟ್ಟಿದವರು. ಗ್ಯಾರೇಜ ಎಲ್ಲಿ ಕಟ್ಟಿಸಿದ್ರ ಛಲೋ, ನೀವ ಹೇಳ್ರಿ" ಎಂದ.

ನಾನು ಜೀವಮಾನದಲ್ಲಿ ಮೋಟಾರು ನಡೆಸಿದವಳಲ್ಲ. ಸೈಕಲ್ಲು ಕಲಿಯಲು ಹೋಗಿ ಎಮ್ಮೆಗೆ ಹಾಯ್ದವಳು, ಅದೂ ನಿಂತ ಎಮ್ಮೆಗೆ. ಆದರೂ ಗ್ಯಾರೇಜಿನ ವಿಷಯದಲ್ಲಿ ನನ್ನಷ್ಟು ಅನುಭವ ಇದ್ದವರು ಈ ಅಥಣಿ ರಸ್ತೆಯಲ್ಲಿ ಬೇರೆ ಯಾರೂ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಹಾಗಾಗಿ ಗಂಭೀರವಾಗಿಯೇ ಹೇಳಿದೆ: "ಎಲ್ಲಿ ಬೇಕಾದ್ರೂ ಕಟ್ಟಸೋ ತಮ್ಮಾ. ಆದರ ಹೊಸ್ತಿಲ ಮಾತ್ರ ಹಾಕಸಬ್ಯಾಡ." ಅವನು ನಕ್ಕು ಹೋದ. ವಯಸ್ಸಾದವರು ಏನೋ ಚಾಷ್ಟಿ ಮಾಡುತ್ತಾರೆ ಎಂದುಕೊಂಡಿರಬೇಕು.

ಚಾಷ್ಟಿಯಲ್ಲ. ನಾನು ಈಗ ಕೂತು ಬರೆಯುತ್ತಿರುವ ಈ ಕೋಣೆ ಒಂದು ಕಾಲಕ್ಕೆ ಗ್ಯಾರೇಜಾಗಿತ್ತು. ಬಾಗಿಲು ಅಗಲಕ್ಕೆ ಸರಿಯಾಗಿ ಎರಡು ಎತ್ತು ನುಗ್ಗುವಷ್ಟಿದೆ. ಅದರ ಕೆಳಗೆ ಮೊಣಕಾಲಿಗೆ ಬಡಿಯುವಂಥ ಕಲ್ಲಿನ ಹೊಸ್ತಿಲು. ಕಿಟಕಿಯ ಬಾಗಿಲು ಗಾಳಿಗೆ ಬಡಿಯಬಾರದೆಂದು ಒಂದು ಕಬ್ಬಿಣದ ಗೂಟ ಸಿಕ್ಕಿಸಿದ್ದೇನೆ. ಬಂದವರು ಅದನ್ನು ಹಳೆಯ ಮೊಳೆ ಎಂದು ತಿಳಿಯುತ್ತಾರೆ. ಅದು ಕಡೆಗೀಲು, ಬಂಡಿಯ ಅಚ್ಚಿನ ತುದಿಗೆ ಚುಚ್ಚಿ ಗಾಲಿ ಕಳಚದಂತೆ ತಡೆಯುವ ಕೀಲು. ಇಂದು ಬೆಳಿಗ್ಗೆ ಗಾಳಿ ಜೋರಾಗಿತ್ತು. ಅದನ್ನು ಕೈಗೆ ತೆಗೆದುಕೊಂಡೆ. ಆಮೇಲೆ ಅಡುಗೆಯ ನೆನಪೂ ಆಗಲಿಲ್ಲ.

ಆ ಕೀಲು ನಮ್ಮ ಆಯಿಯದು. ಆಯಿ ಎಂದರೆ ನಮ್ಮಪ್ಪನ ತಾಯಿ. ಬಬಲೇಶ್ವರದಲ್ಲಿ ಹುಟ್ಟಿದವಳು, ತಿಕೋಟಾಕ್ಕೆ ಕೊಟ್ಟವಳು. ಅವಳದೊಂದು ದಮಣಿ ಇತ್ತು. ಈಗಿನವರಿಗೆ ದಮಣಿ ಎಂದರೆ ತಿಳಿಯಲಿಕ್ಕಿಲ್ಲ. ಎರಡು ಗಾಲಿಯ ಹಗುರ ಎತ್ತಿನ ಬಂಡಿ, ಮೇಲೆ ಕಮಾನು, ಒಳಗೆ ಗಾದಿ. ಹೊಲದ ಕೆಲಸಕ್ಕೆ ಹೂಡುವಂತಿಲ್ಲ, ಹೇರು ಹೇರುವಂತಿಲ್ಲ. ಬೀಗರ ಮನೆಗೆ, ಮದುವೆಗೆ, ಹಬ್ಬಕ್ಕೆ ಹೋಗುವುದಷ್ಟೇ ಅದರ ಉದ್ಯೋಗ. ಬಸವರಾಜನ ಗಾಡಿಯಲ್ಲಿರುವ ಸೌಕರ್ಯಗಳಲ್ಲಿ ಮುಕ್ಕಾಲು ಪಾಲು ಅದರಲ್ಲೂ ಇದ್ದವು ಎಂದು ನನ್ನ ಅಭಿಪ್ರಾಯ. ಮಲಗಲು ಗಾದಿ, ನೀರಿಗೆ ತಂಬಿಗೆ, ಉಣ್ಣಲು ರೊಟ್ಟಿಯ ಗಂಟು. ಒಲೆ ಒಂದಿರಲಿಲ್ಲ. ಅದಕ್ಕೇನಂತೆ, ದಾರಿಯಲ್ಲಿ ಮೂರು ಕಲ್ಲು ಸಿಗುತ್ತಿದ್ದವು.

ಆ ದಮಣಿ ಆಯಿಗೆ ಬಂದದ್ದು ಹೇಗೆಂದು ಅವಳ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಾಗರ ಪಂಚಮಿಯೇ ದೊಡ್ಡ ಹಬ್ಬ. ತವರಿನಿಂದ ಯಾರಾದರೂ ಕರೆಯಲು ಬರಬೇಕು, ಆಗಲೇ ಹೋಗಬೇಕು. ಕರೆಯದೆ ಹೋದರೆ ಅದು ಹೋದಂತಲ್ಲ. ಆಯಿ ಮದುವೆಯಾದ ಹೊಸದರಲ್ಲಿ ಪಂಚಮಿಗೆ ಗಂಟು ಕಟ್ಟಿಕೊಂಡು ತಿಕೋಟಾದ ಮನೆಯ ಬಾಗಿಲಲ್ಲಿ ಕೂತಳಂತೆ. ಕರೆಯಲು ಬರಬೇಕಾದವನು ತಮ್ಮ ರಾಚಪ್ಪ. ಬರಲಿಲ್ಲ. ಓಣಿಯ ಸೊಸೆಯಂದಿರೆಲ್ಲ ಒಬ್ಬೊಬ್ಬರಾಗಿ ಬಂಡಿ ಏರಿ ಹೋದರು. ಸಂಜೆಗೆ ಅತ್ತೆ ಬಂದು, ಇನ್ನ ಒಳಗ ನಡಿ, ದನಕ್ಕ ನೀರ ಕುಡಸೂದೈತಿ ಎಂದಳಂತೆ. ರಾಚಪ್ಪ ಅಂದು ಬಂಡಿ ಹೂಡಿಕೊಂಡು ಹೊರಟವನು ನಡುವೆ ಎಲ್ಲಿಯೋ ಹಲಗೆ ಬಾರಿಸುವ ಸಪ್ಪಳ ಕೇಳಿ, ಕುಸ್ತಿ ನಡೆದಿದೆಯೆಂದು ತಿಳಿದು, ಅಲ್ಲಿಯೇ ಎತ್ತು ಬಿಚ್ಚಿ ಕೂತುಬಿಟ್ಟಿದ್ದ.

ಈ ಸಂಗತಿ ಆಯಿಯ ಅಪ್ಪನ ಕಿವಿಗೆ ಬಿತ್ತು. ಆ ಮುದುಕ ಮಗನಿಗೆ ಬಯ್ಯಲಿಲ್ಲವಂತೆ. ಬಡಿಗನನ್ನು ಕರೆಸಿ ಒಂದು ದಮಣಿ ಮಾಡಿಸಿದ. ತಾನೇ ಅದನ್ನು ತಿಕೋಟಾಕ್ಕೆ ಹೊಡೆದುಕೊಂಡು ಬಂದು ಮಗಳ ಬಾಗಿಲಲ್ಲಿ ನಿಲ್ಲಿಸಿ, "ತಗೋ ಮಗಳ. ಇನ್ನ ಮ್ಯಾಲ ಯಾರ ದಾರೀನೂ ಕಾಯಬ್ಯಾಡ. ಇದು ನಿಂತೈತಿ ಅಂದ್ರ ನಾ ಕರಿಯಾಕ ಬಂದು ನಿಂತೀನಿ ಅಂತ ತಿಳಿ" ಎಂದು ಹೇಳಿ ನಡೆದೇ ಊರಿಗೆ ಹೋದ.

ಆಯಿ ಅಂದಿನಿಂದ ತಮ್ಮನಿಗೆ, ನೀ ನನ್ನ ಬಾಗಲಾ ತುಳಿಯಬ್ಯಾಡ ಎಂದು ಹೇಳಿಕಳಿಸಿದಳು. ಆದರೆ ಪಂಚಮಿಗೆ ತಾನು ಹೋಗುವುದನ್ನು ಬಿಡಲಿಲ್ಲ. ಮುದುಕ ತೀರಿಕೊಂಡು ಎಷ್ಟೋ ಕಾಲವಾದ ಮೇಲೂ ದಮಣಿ ಹೋಗುತ್ತಿತ್ತು, ಆಯಿ ಹೋಗುತ್ತಿದ್ದಳು.

ಈಗ ಗ್ಯಾರೇಜಿಗೆ ಬರೋಣ. ಅಪ್ಪ ಬಿಜಾಪುರದ ರೈಲ್ವೆ ಸ್ಟೇಶನ್ನಿನಲ್ಲಿ ಪಾರ್ಸಲ್ ಕ್ಲಾರ್ಕು. ಆಗ ಊರಿಗೆ ವಿಜಯಪುರ ಎಂಬ ಹೆಸರು ಕಾಗದದ ಮೇಲೆ ಬಂದಿರಲಿಲ್ಲ. ನಾವು ಗಾಂಧಿ ಚೌಕದ ಹಿಂದಿನ ಸಂದಿಯೊಂದರಲ್ಲಿ ಬಾಡಿಗೆಗೆ ಇದ್ದೆವು. ಎದುರಿನಿಂದ ಎಮ್ಮೆ ಬಂದರೆ ನಾವು ಯಾರದಾದರೂ ಮನೆಯೊಳಗೆ ಹೊಕ್ಕು ದಾರಿ ಬಿಡಬೇಕಾಗುತ್ತಿತ್ತು. ಹೀಗೆ ಹೊಕ್ಕ ಮನೆಗಳಲ್ಲಿ ಚುರುಮುರಿ ತಿಂದು ಹೊರಬಂದದ್ದೂ ಉಂಟು. ನನಗೆ ಎಮ್ಮೆಗಳ ಮೇಲೆ ಮೊದಲಿನಿಂದಲೂ ಪ್ರೀತಿ ಇರುವುದು ಅದಕ್ಕೇ, ಸೈಕಲ್ಲಿನ ಪ್ರಸಂಗ ಬೇರೆ. ಅರವತ್ತನೆಯ ಇಸವಿಯ ಆಚೀಚೆ ಅಪ್ಪ ಅಥಣಿ ರಸ್ತೆಯಲ್ಲಿ ಜಾಗ ಹಿಡಿದು ಮನೆ ಕಟ್ಟಲು ತೊಡಗಿದ. ಆಗ ಇದು ಊರ ಹೊರಗಿನ ಬಯಲು. ಹಿತೈಷಿಗಳು ಬಂದು, ಮಾಸ್ತರ, ಇಲ್ಲಿ ನರಿ ಕೂಗ್ತಾವಲ್ರಿ ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು. ಪಾರ್ಸಲ್ ಕ್ಲಾರ್ಕನನ್ನೂ ಮಾಸ್ತರ ಎನ್ನುವುದು ಆಗಿನ ಮರ್ಯಾದೆ.

ಹೊಸ ಮನೆಗೆ ಆಯಿಯನ್ನು ಕಾಯಂ ಕರೆದುಕೊಂಡು ಬರುವುದೆಂದು ಅಪ್ಪನ ಹಟ. ತಿಕೋಟಾಕ್ಕೆ ಹೋಗಿ ಕೇಳಿದ. ನಾನೂ ಜೊತೆಗಿದ್ದೆ. ಈಗ ತಿಕೋಟಾ ಎಂದರೆ ದ್ರಾಕ್ಷಿ, ಒಣದ್ರಾಕ್ಷಿ ಎನ್ನುತ್ತಾರೆ. ಆಗ ನಾನು ಅಲ್ಲಿ ಕಂಡದ್ದೆಲ್ಲ ಜೋಳ, ಕುಸುಬೆ, ಉಳ್ಳಾಗಡ್ಡಿ.

"ನಾ ಬರ್ತೀನಿ ಶಂಕ್ರಾ. ದಮಣಿ ಎಲ್ಲಿ ನಿಂದರಸ್ತಿ?" ಎಂದಳು ಆಯಿ.

"ದಮಣಿ ಇಲ್ಲೇ ಅಣ್ಣನ ಕಡೆ ಇರ್ಲೆಳಬೇ. ಎತ್ತೂ ಇಲ್ಲೇ ಅದಾವು."

ಆಯಿ ಎದ್ದು ಹೋಗಿ ದಮಣಿಯ ಪರದೆ ಸರಿಸಿದಳು. ಒಳಗೆ ಕಮಾನಿನವರೆಗೆ ಉಳ್ಳಾಗಡ್ಡಿ. ದೊಡ್ಡಪ್ಪನ ಮನೆಯಲ್ಲಿ ಆ ಸಲ ಉಳ್ಳಾಗಡ್ಡಿ ಸುಗ್ಗಿ ಜೋರಾಗಿತ್ತು, ಇಡಲು ಜಾಗ ಸಾಲದೆ ತುಂಬಿದ್ದರು. "ನಮ್ಮಪ್ಪನ ಬಾಯಾಗ ಉಳ್ಳಾಗಡ್ಡಿ ತುರುಕ್ಯಾರ ನೋಡು" ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದು ಸಿಟ್ಟಿನದೋ, ದುಃಖದ್ದೋ, ಉಳ್ಳಾಗಡ್ಡಿಯದೋ ನನಗೆ ಗೊತ್ತಾಗಲಿಲ್ಲ. ದಮಣಿಗೆ ಮನೆಯಲ್ಲಿ ಜಾಗ ಇದ್ದರೆ ತಾನು ಬರುವುದು, ಇಲ್ಲದಿದ್ದರೆ ಇಲ್ಲ. ಇದು ಅವಳ ಕರಾರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಗ್ಯಾರೇಜಿನ ಹುಡುಕಾಟ. ಗ್ಯಾರೇಜು ಎಂಬ ಶಬ್ದವನ್ನು ಅಪ್ಪ ಸ್ಟೇಶನ್ನಿನಿಂದ ತಂದ. ಅವ್ವ ಅದನ್ನು ಗ್ಯಾರೀಜ ಎಂದಳು. ನಾನು ಅದನ್ನು ಶಾಲೆಯಲ್ಲಿ ಬಿತ್ತರಿಸಿದೆ. ನಮ್ಮ ವರ್ಗದಲ್ಲಿ ಯಾರ ಮನೆಯಲ್ಲೂ ಗ್ಯಾರೇಜು ಇರಲಿಲ್ಲ. ನಮ್ಮ ಹೊಸ ಮನೆಯಲ್ಲಿ ಗ್ಯಾರೇಜು ಕಟ್ಟುತ್ತಿದ್ದಾರೆ ಎಂದು ಹೇಳಿದ ದಿನ ಹುಡುಗಿಯರು ನನಗೆ ಬೆಂಚಿನ ತುದಿಯಿಂದ ನಡುವಿಗೆ ಬಡ್ತಿ ಕೊಟ್ಟರು. ಮೋಟಾರು ಯಾವ ಬಣ್ಣದ್ದು ಎಂದು ಕೇಳಿದರು. ಒಳಗೆ ಗಾದಿ ಕೆಂಪಗಿದೆ ಎಂದೆ. ಸುಳ್ಳೇನಲ್ಲ.

ಅಪ್ಪನ ಮೊದಲ ಆಯ್ಕೆ ಬಾವಿಯ ಹತ್ತಿರದ ಬೇವಿನ ಮರದ ಬುಡ. ನಾಲ್ಕು ಕಂಬ ನೆಟ್ಟು ಜೋಳದ ಕಣಿಕೆಯ ಚಪ್ಪರ ಹಾಕಿದರಾಯಿತು ಎಂದ. ಆಯಿ ತಿಕೋಟಾದಿಂದ ಬಸ್ಸಿನಲ್ಲಿ ನೋಡಲು ಬಂದಳು. ಹೌದು, ಬಸ್ಸಿಗೆ ಅವಳ ತಕರಾರಿರಲಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ಮೇಲೆ ನೋಡಿದಳು. ಟೊಂಗೆಯ ಮೇಲೆ ಕಾಗೆಗಳ ಸಭೆ ನಡೆದಿತ್ತು. "ಬ್ಯಾಡ" ಎಂದು ತಿರುಗಿದಳು. ಎರಡನೆಯದು ಹಿತ್ತಲ ಮೂಲೆ, ಬಚ್ಚಲ ಒಲೆಯ ಪಕ್ಕ. "ಹೊಗಿಯಾಗ ನಿಂದರಸ್ತಿ ಏನು ನಮ್ಮಪ್ಪಗ? ಮೊದಲ ಅವಗ ಉಬ್ಬಸ ಇತ್ತು" ಎಂದಳು.

ಮೂರನೆಯದು ಹುಸೇನಸಾಬ ಕಾಕಾನ ಟಾಂಗಾ ಲಾಯ. ಅವನು ಗಾಂಧಿ ಚೌಕದಿಂದ ಸ್ಟೇಶನ್ನಿಗೆ ಟಾಂಗಾ ಹೊಡೆಯುತ್ತಿದ್ದ, ಅಪ್ಪನ ದೋಸ್ತ. ದಮಣಿಯ ಸಂಗತಿ ಕೇಳಿ, "ನಮ್ಮ ಲಾಯ ಐತೆಲ್ರಿ, ಮಾಸ್ತರ. ಅವ್ವಾರ ದಮಣಿ ಅಂದ್ರ ನಮ್ಮದ ತಿಳೀರಿ. ಕುದ್ರಿಗೂ ಒಂದು ಸಂಗಡ ಆಗ್ತೈತಿ" ಎಂದ. ಆಯಿ ಹೋಗಿ ನೋಡಿ ಬಹಳ ಮೆಚ್ಚಿದಳು. ಕುದುರೆಗೆ ಬೆಲ್ಲ ತಿನ್ನಿಸಿದಳು, ನೆಲ ಬಡಿದು ಮಾಡಿದ್ದನ್ನು ಹೊಗಳಿದಳು, ಅವನ ಹೆಂಡತಿ ಮಾಡಿಕೊಟ್ಟ ಚಹಾ ಕುಡಿದಳು. ಹೊರಡುವಾಗ ಹೇಳಿದಳು: "ಹುಸೇನಪ್ಪಾ, ನಿನ್ನ ಮನಿ ಬಂಗಾರದಂಥಾದ್ದು. ಆದರ ನನ್ನ ತವರು ನಿನ್ನ ಮನ್ಯಾಗ ಇಟ್ರ ನಾ ದಿನಾ ನೋಡೂದು ಹ್ಯಾಂಗ?" ಕಾಕಾ ತಲೆಯಾಡಿಸಿ, "ಖರೇ ಐತ್ರಿ" ಎಂದ.

ಕೊನೆಗೆ ಉಳಿದದ್ದು ಮನೆಯ ಮುಂಭಾಗದ ಬಲಗಡೆಯ ಕೋಣೆ. ಅದು ಅಪ್ಪನ ಬೈಠಕ್ ಖೋಲಿ ಆಗಬೇಕಾಗಿತ್ತು. ಒಂದು ಮೇಜು, ಕೈಯಿದ್ದ ಕುರ್ಚಿ, ಗೋಡೆಗೆ ಗಡಿಯಾರ, ಬಂದವರನ್ನು ಕೂಡ್ರಿಸಿ ಪೇಪರು ಓದುತ್ತ ಮಾತಾಡುವುದು. ಇಡೀ ದಿನ ಮಂದಿಯ ಗಂಟುಮೂಟೆಗಳ ನಡುವೆ ನಿಂತು ಕೆಲಸ ಮಾಡಿದ ಮನುಷ್ಯನಿಗೆ ಕೂತುಕೊಳ್ಳುವ ಒಂದು ಕೋಣೆಯ ಆಸೆ. ಅಪ್ಪ ಎರಡು ದಿನ ಆ ಕೋಣೆಯನ್ನು ಸುತ್ತಿ ಸುತ್ತಿ ನೋಡಿದ. ಆಮೇಲೆ ಗೌಂಡಿ ಭೀಮಣ್ಣನಿಗೆ ಹೇಳಿದ, ಈ ಖೋಲಿಯ ಬಾಗಿಲನ್ನು ದಮಣಿ ಹೋಗುವಷ್ಟು ಅಗಲ ಮಾಡು ಎಂದು. ಅಪ್ಪನ ಕುರ್ಚಿ ಮುಂದೆ ದಮಣಿಯ ಪಕ್ಕದಲ್ಲಿಯೇ ಬಂದು ಕೂತಿತು. ಅವನು ಅಲ್ಲಿಯೇ ಪೇಪರು ಓದುತ್ತಿದ್ದ, ಬಂದವರನ್ನು ದಮಣಿಯಲ್ಲಿ ಕೂಡ್ರಿಸುತ್ತಿದ್ದ. ಅಷ್ಟು ಮೆತ್ತನೆಯ ಬೈಠಕ್ಕು ಊರಲ್ಲಿ ಬೇರೆ ಇರಲಿಲ್ಲ. ಕೊಂಚ ಉಳ್ಳಾಗಡ್ಡಿಯ ವಾಸನೆ ಬರುತ್ತಿತ್ತು, ಅಷ್ಟೇ.

ಭೀಮಣ್ಣ ಬಾಗಿಲಿಗೆ ಮೂರು ಕಡೆಯ ಚೌಕಟ್ಟು ಹಚ್ಚುವವನಿದ್ದ. ಅದೇ ಹೊತ್ತಿಗೆ ಆಯಿ ನೋಡಲು ಬಂದಳು.

"ಕೆಳಗ ಹೊಸ್ತಿಲ ಎಲ್ಲೈತೋ?"

"ಇದು ಗಾಡಿ ಖೋಲಿ ಅಲ್ರಿ ಯವ್ವಾ. ಹೊಸ್ತಿಲ ಯಾಕ?"

"ಹೊಸ್ತಿಲ ಇಲ್ಲದ ಬಾಗಲಾ ದನದ ಕೊಟಗೀಗಿ ಇರ್ತಾವು. ನಮ್ಮಪ್ಪನ್ನ ಕೊಟಗ್ಯಾಗ ಕಟ್ಟತೀಯೇನು? ಹಾಕು."

ಅವ್ವನೂ ಹೌದೆಂದಳು. ಮನೆಯ ಗೋಡೆಗೆ ಹತ್ತಿದ ಬಾಗಿಲಿಗೆ ಹೊಸ್ತಿಲು ಇಲ್ಲದಿದ್ದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು ಅವಳ ಹೆದರಿಕೆ. ಅಪ್ಪನಿಗೂ ತಪ್ಪು ಅನ್ನಿಸಲಿಲ್ಲ. ಭೀಮಣ್ಣ ಒಳ್ಳೆಯ ಕಲ್ಲು ತಂದು, ಮಟ್ಟಸ ಮಾಡಿ, ಮೊಣಕಾಲೆತ್ತರ ಹೊಸ್ತಿಲು ಕೂಡ್ರಿಸಿದ. ಮನೆಯೊಕ್ಕಲಿನ ಬೆಳಗ್ಗೆ ಅವ್ವ ಅದಕ್ಕೆ ಅರಿಶಿನ ಬಳಿದು, ಕುಂಕುಮವಿಟ್ಟು, ರಂಗೋಲಿ ಬರೆದು, ಕಾಯಿ ಒಡೆದು ಪೂಜೆ ಮಾಡಿದಳು. ಇಷ್ಟು ಜನ ತಿಳಿವಳಿಕೆಯವರಿದ್ದೆವು. ಮುಂದಿನ ಸಂಗತಿ ಒಬ್ಬರ ತಲೆಗೂ ಹೊಳೆದಿರಲಿಲ್ಲ.

ತಿಕೋಟಾದಿಂದ ಗಂಟೆಸರದ ಸಪ್ಪಳ ಮಾಡುತ್ತ ದಮಣಿ ಬಂತು. ದೊಡ್ಡಪ್ಪನ ಆಳು ಎತ್ತು ಹೊಡೆಯುತ್ತಿದ್ದ. ಆಯಿ ಹಸಿರು ಇಳಕಲ್ ಸೀರೆ ಉಟ್ಟು ಒಳಗೆ ಕೂತಿದ್ದಳು. ಎತ್ತು ಬಿಚ್ಚಿದರು, ನೂಕಲು ನಾಲ್ಕು ಜನ ಕೈ ಹಚ್ಚಿದರು, ದಮಣಿ ಗ್ಯಾರೇಜಿನ ಬಾಗಿಲಿಗೆ ಬಂತು. ಅಲ್ಲಿ ನಿಂತಿತು. ಎಲ್ಲರೂ ಹೊಸ್ತಿಲು ನೋಡಿದರು. ಪೂಜೆಯಾದ ಹೊಸ್ತಿಲನ್ನು ಮನುಷ್ಯರೇ ತುಳಿಯುವುದಿಲ್ಲ, ದಾಟಿ ಹೋಗುತ್ತಾರೆ. ಗಾಲಿಗೆ ದಾಟುವುದು ಗೊತ್ತಿಲ್ಲ, ಅದಕ್ಕೆ ತುಳಿಯುವುದೊಂದೇ ಗೊತ್ತು.

"ಕಿತ್ತ ಒಗೀಲ್ರ್ಯಾ?" ಎಂದು ಭೀಮಣ್ಣ ಕೇಳಿದ. ಅವ್ವ ಎದೆಯ ಮೇಲೆ ಕೈ ಇಟ್ಟುಕೊಂಡು, ಅರಿಶಿನ ಹಚ್ಚಿದ ಹೊಸ್ತಿಲು ಕೀಳುವ ಮಾತು ಶುಭದ ದಿನ ಆಡಬೇಡ ಎಂದಳು. ಮೇಲೆ ಹಲಗೆ ಹಾಕಿ ಉರುಳಿಸಬಹುದು ಎಂದು ಅಪ್ಪ. "ಹಲಗಿ ಹಾಕಿ ತುಳುದ್ರ ತುಳದಂಗಲ್ಲೇನ್ರಿ? ಚಪ್ಪಲಿ ಹಾಕ್ಕೊಂಡು ತುಳಿದಂಗ ಆತು" ಎಂದು ಅವ್ವ. ಅಂಗಳದಲ್ಲಿ ಊಟಕ್ಕೆ ಬಂದವರೆಲ್ಲ ಒಂದೊಂದು ಪಕ್ಷ ಹಿಡಿದರು. ಒಳಗೆ ಹುಗ್ಗಿ ಆರುತ್ತಿತ್ತು. ನನ್ನ ವರ್ಗದ ಹುಡುಗಿಯರು ಮೋಟಾರು ನೋಡಲು ಬಂದವರು ಕಂಪೌಂಡಿನ ಹತ್ತಿರ ಸಾಲಾಗಿ ನಿಂತಿದ್ದರು. ನಾನು ಬೇವಿನ ಮರದ ಹಿಂದೆ ನಿಂತೆ. ಮರುದಿನ ಬೆಂಚಿನ ತುದಿಗೇ ಹೋದೆ.

ಆಯಿ ದಮಣಿಯಿಂದ ಇಳಿದಳು. ಬಗ್ಗಿ ಅಚ್ಚಿನ ತುದಿಯ ಕಡೆಗೀಲನ್ನು ತಾನೇ ಹಿರಿದು ತೆಗೆದಳು.

"ಗಾಲಿ ಬಿಚ್ಚರಿ. ಎತ್ತಿ ದಾಟಸ್ರಿ. ನಾ ಸೊಸಿಯಾಗಿ ಬಂದಾಗ ದಾಟೇ ಬಂದೀನಿ, ಅದೂ ದಾಟಿ ಬರ್ಲಿ."

ಅಪ್ಪ, ಹುಸೇನಸಾಬ ಕಾಕಾ, ಭೀಮಣ್ಣ, ದೊಡ್ಡಪ್ಪನ ಆಳು, ನಾಲ್ವರೂ ಹೆಗಲು ಕೊಟ್ಟರು. ಬಲಗಾಲ ಮೊದಲ ಇಡ್ರಿ ಎಂದು ಅವ್ವ ಒಳಗಿನಿಂದ ಕೂಗಿದಳು. ಮುಂದಿನ ಇಬ್ಬರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು, ಅವರ ಬಲ ಯಾವುದು ಎಂಬ ಪ್ರಶ್ನೆ ಎದ್ದು ದಮಣಿ ಸ್ವಲ್ಪ ಹೊತ್ತು ಹೊಸ್ತಿಲ ಮೇಲೆ ಗಾಳಿಯಲ್ಲಿ ನಿಂತಿತು. ಭೀಮಣ್ಣ, "ಯಾವ್ದರ ಇಡ್ರ್ಯೋ ಯಪ್ಪಾ, ಹೆಗಲ ಹೊಂಟಾವು" ಎಂದ. ಒಳಗೆ ಇಳಿಸಿದ ಮೇಲೆ ಗಾಲಿಗಳನ್ನೂ ಕೂಸಿನ ಹಾಗೆ ಎತ್ತಿಕೊಂಡು ದಾಟಿಸಿ ಮತ್ತೆ ಜೋಡಿಸಿದರು. ಒಂದು ಕಡೆಗೀಲನ್ನು ಮಾತ್ರ ಆಯಿ ವಾಪಸು ಹಾಕಲಿಲ್ಲ. ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡು ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ತನ್ನನ್ನು ಕೇಳದೆ ಯಾರೂ ದಮಣಿ ಹೊರಗೆ ಒಯ್ಯಬಾರದು, ಅದರಲ್ಲಿ ಉಳ್ಳಾಗಡ್ಡಿ ಹೇರಬಾರದು, ಮಾರಲಂತೂ ಬಾರದು.

ಹೀಗೆ ಪ್ರತಿ ಪಂಚಮಿಗೆ ನಮ್ಮ ಮನೆಯಲ್ಲಿ ಗಾಲಿ ಬಿಚ್ಚುವ ಕಾರ್ಯಕ್ರಮ ಸುರುವಾಯಿತು. ಹಬ್ಬದ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಪಂಚಮಿ. ಅಂದು ಬೆಳಗ್ಗೆ ತಿಕೋಟಾದಿಂದ ಎತ್ತು ಬರುತ್ತಿದ್ದವು, ಹೆಗಲು ಕೊಡಲು ಕಾಕಾ ಬರುತ್ತಿದ್ದ. ಆಯಿ ಸಂಚಿಯಿಂದ ಕೀಲು ತೆಗೆದು ಕೊಡುತ್ತಿದ್ದಳು. ದಮಣಿ ಹೊರಬಿದ್ದರೆ ಆಯಿಯ ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ಕಡಕ್ ಸಜ್ಜಿ ರೊಟ್ಟಿ, ಗುರೆಳ್ಳ ಹಿಂಡಿ, ಅಳ್ಳಿನ ಉಂಡಿಗಳ ಗಂಟು. ಕೀಲೆಣ್ಣೆಯ ವಾಸನೆ, ಉಂಡಿಯ ಯಾಲಕ್ಕಿಯ ವಾಸನೆ, ಅಡಿಯಲ್ಲಿ ಬಿಡದೆ ಉಳಿದ ಉಳ್ಳಾಗಡ್ಡಿಯ ವಾಸನೆ ಮೂರೂ ಕೂಡಿ ನನಗೆ ಹೊಟ್ಟೆ ತೊಳಸುತ್ತಿತ್ತು. ಹಿಂದಕ್ಕೆ ಕಾಲು ಇಳಿಬಿಟ್ಟು ಕೂತರೆ ದಾರಿ ನಮ್ಮನ್ನು ಬಿಟ್ಟು ಹೋಗುವುದು ಕಾಣುತ್ತಿತ್ತು, ಗೋಳಗುಮ್ಮಟ ಬಹಳ ಹೊತ್ತು ಬೆನ್ನು ಬಿಡುತ್ತಿರಲಿಲ್ಲ. ಡೋಣಿ ಹೊಳೆ ದಾಟುವಾಗ ಕರೀ ಕೆಸರು ಗಾಲಿಗೆ ಹತ್ತಿ ರೊಟ್ಟಿಗಿಂತ ದಪ್ಪವಾಗುತ್ತಿತ್ತು. ಹೊಲಗಳ ಅಂಚಿನಲ್ಲಿ ಮರ ಕಂಡಲ್ಲೆಲ್ಲ ಜೋಕಾಲಿ. ಆಯಿ ದಾರಿಯುದ್ದ ಹಾಡು ಗುನುಗುತ್ತಿದ್ದಳು. ಮನೆಯಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿಲ್ಲ. ನನ್ನ ಬದುಕಿನ ಅತ್ಯಂತ ಸುಖದ ಪ್ರಯಾಣಗಳು ಅವು, ವಾಂತಿ ಮಾಡಿಕೊಂಡದ್ದನ್ನೂ ಲೆಕ್ಕ ಹಿಡಿದೇ ಹೇಳುತ್ತಿದ್ದೇನೆ.

ಬಬಲೇಶ್ವರದಲ್ಲಿ ಮನೆಯ ಮುಂದೆ ದಮಣಿ ನಿಂತಾಗ ಆಯಿಯ ತಮ್ಮ ರಾಚಪ್ಪ, ನನಗೆ ಮುತ್ಯಾ, ಅಂದರೆ ಅಜ್ಜ, ಕಟ್ಟೆಯ ಮೇಲೆ ಕೂತಿರುತ್ತಿದ್ದ. ಯಾರೋ ಬಂದಿದ್ದಾರೆ ಎಂಬುದೇ ಗೊತ್ತಿಲ್ಲದವನ ಹಾಗೆ ತಂಬಾಕು ತಿಕ್ಕುತ್ತ ಕೂತಿರುತ್ತಿದ್ದ. ಕೂತಲ್ಲಿಯೇ ಏಕೆ ಇಷ್ಟು ಏದುಸಿರು ಬಿಡುತ್ತಾನೆ, ಏಕೆ ಇಷ್ಟು ಬೆವರಿದ್ದಾನೆ ಎಂದು ನನಗೆ ಸೋಜಿಗ. ಒಂದು ವರ್ಷ ಅವನ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಮುತ್ಯಾಗೆ ಬುದ್ಧಿ ಸ್ವಲ್ಪ ಕಡಿಮೆ ಇರಬೇಕೆಂದು ತೀರ್ಮಾನಿಸಿದ್ದೆ.

"ಯಾರು ಕರಕೊಂಡು ಬಂದ್ರು ನಿನ್ನ?" ಎಂದು ಅವನು ತಲೆ ಎತ್ತದೆ ಕೇಳುತ್ತಿದ್ದ.

"ನಮ್ಮಪ್ಪ ಕರಕೊಂಡು ಬಂದಾನ" ಎಂದು ಆಯಿ ಅವನತ್ತ ನೋಡದೆ ಒಳಗೆ ಹೋಗುತ್ತಿದ್ದಳು. ಅಷ್ಟೇ ಮಾತು. ಹಬ್ಬ ಮುಗಿಸಿ ಹೊರಡುವಾಗ ಅದೂ ಇಲ್ಲ. ಆದರೆ ದಮಣಿಯ ಗಾಲಿಗೆ ಯಾರೋ ಹೊಸ ಕೀಲೆಣ್ಣೆ ಹಾಕಿರುತ್ತಿದ್ದರು.

ಒಂದು ವರ್ಷ ಎತ್ತು ಬರಲಿಲ್ಲ. ಒಂದರ ಕಾಲು ಕಲ್ಲಿಗೆ ಸಿಕ್ಕು ಊರಲಾಗದಂತಾಗಿದೆ, ಬೇರೆ ಜೋಡಿ ಸಿಗಲಿಲ್ಲ ಎಂದು ದೊಡ್ಡಪ್ಪ ತಿಕೋಟಾದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದ. ರೊಟ್ಟಿ ಪಂಚಮಿಯ ಬೆಳಗ್ಗೆ. ಆಯಿ ಸೀರೆ ಉಟ್ಟು, ಗಂಟು ಕಟ್ಟಿ, ಸಂಚಿಯಿಂದ ಕೀಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು.

"ಬಬಲೇಶ್ವರಕ್ಕ ಬಸ್ಸ ಐತೆಲ್ರಿ ಅತ್ತಿ. ಇವರು ಕುಂದರಿಸಿ ಬರ್ತಾರ" ಎಂದಳು ಅವ್ವ.

"ಬಸ್ಸು ಊರ ಮಂದೀಗೆಲ್ಲಾ ಬರ್ತೈತಿ ಗಂಗವ್ವಾ. ನನ್ನ ಕರಿಯಾಕ ಬಂದದ್ದಲ್ಲ ಅದು."

ಕಾಕಾ ತನ್ನ ಟಾಂಗಾ ಹೂಡಿಕೊಂಡು ಬಂದ. "ಅವ್ವಾರ, ನಾ ಮಗಾ ಇಲ್ಲೇನ್ರಿ ನಿಮಗ? ಏರ್ರಿ, ಹೊತ್ತ ಮುಣಗೂದ್ರಾಗ ಮುಟ್ಟಸ್ತೀನಿ."

"ನೀ ಮಗಾನ ಅದೀಯಪಾ. ಮಗಾ ತವರಿಗಿ ಕಳಸ್ತಾನ. ಕರಿಯೂದು ತವರಿನವರ ಕೆಲಸ."

ಹೀಗೆ ಹೇಳಿ ಆಯಿ ಗಂಟು ಹಿಡಿದುಕೊಂಡು ಗ್ಯಾರೇಜಿಗೆ ಹೋದಳು, ಹೊಸ್ತಿಲು ದಾಟಿ ದಮಣಿಯೊಳಗೆ ಏರಿ ಕೂತಳು. ಎತ್ತಿಲ್ಲ, ದಾರಿಯಿಲ್ಲ, ಎದುರಿಗೆ ಗೋಡೆ. ಅಪ್ಪ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತ, ಅಂದು ಒಂದು ಪುಟವನ್ನೂ ತಿರುವಲಿಲ್ಲ. ನಾನು ಆಯಿಯ ಪಕ್ಕ ಹೋಗಿ ಕೂತೆ. ಅವಳು ಗಂಟು ಬಿಚ್ಚಿ ನನಗೆ ರೊಟ್ಟಿ ಕೊಟ್ಟಳು, ತಾನು ತಿನ್ನಲಿಲ್ಲ. "ಈಗ ಡೋಣಿ ದಾಟತಿದ್ವಿ" ಎಂದಳು ಒಮ್ಮೆ. ಬಹಳ ಹೊತ್ತಾದ ಮೇಲೆ, "ಈಗ ಊರ ಅಗಸಿ ಬಾಗಲಾ ಕಾಣತಿತ್ತು" ಎಂದಳು. ದೀಪ ಹಚ್ಚುವ ಹೊತ್ತಿಗೆ ಇಳಿದು, ದನಕ್ಕ ನೀರ ಕುಡಸೂದೈತಿ ಎಂದಳು. ನಮ್ಮ ಮನೆಯಲ್ಲಿ ದನ ಇರಲಿಲ್ಲ. ನನಗೆ ಅಂದು ಆದ ಸಂಕಟವನ್ನು ಈಗಲೂ ಎದೆಯಲ್ಲಿ ಬೆರಳಿಟ್ಟು ತೋರಿಸಬಲ್ಲೆ.

ಮರುದಿನ ಪಂಚಮಿ. ಬೇವಿನ ಮರಕ್ಕೆ ಅಪ್ಪ ಜೋಕಾಲಿ ಕಟ್ಟಿದ್ದ. ನಾನು ಜೀಕುತ್ತಿದ್ದಾಗ ರಸ್ತೆಯಲ್ಲಿ ಒಬ್ಬ ಮುದುಕ ಮನೆ ಮನೆ ನೋಡುತ್ತ ಬರುವುದು ಕಂ‍ಡಿತು. ರುಮಾಲು, ಮೊಣಕಾಲವರೆಗೆ ಕೆಸರು, ಕಂಕುಳಲ್ಲಿ ಕೊಡೆ. ಹತ್ತಿರ ಬಂದಾಗ ಗುರುತು ಹಿಡಿದೆ. ರಾಚಪ್ಪ ಮುತ್ಯಾ. ಅವನು ನಮ್ಮ ಮನೆ ನೋಡಿದವನೇ ಅಲ್ಲ.

"ನಿಮ್ಮ ಆಯಿ ಜೀವಂತ ಅದಾಳೇನಬೇ ಕೂಸ?" ಎಂದು ಕೇಳಿದ. ನಾನು ಗ್ಯಾರೇಜಿನ ಕಡೆ ಕೈ ತೋರಿಸಿದೆ.

ಆಯಿ ಒಳಗೆ ದಮಣಿಯ ಕಮಾನು ಒರೆಸುತ್ತಿದ್ದಳು. ಮುತ್ಯಾ ಬಾಗಿಲಿಗೆ ಬಂದ. ಅಕ್ಕನನ್ನು ಕಂಡು ಒಂದು ದೊಡ್ಡ ಉಸಿರು ಬಿಟ್ಟ. ಬಾಗಿಲು ತುಳಿಯಬೇಡ ಎಂದದ್ದು ನೆನಪಿತ್ತೇನೋ, ಹೊಸ್ತಿಲ ಹೊರಗೇ ನಿಂತ. ಆಯಿ ಒರೆಸುವ ಅರಿವೆ ಕೈಯಲ್ಲಿಯೇ ಹಿಡಿದು ತಿರುಗಿದಳು.

"ಯಾಕ ಬಂದಿ?"

"ನಿನ್ನೆ ಮಧ್ಯಾಹ್ನದಿಂದ ಅಗಸ್ಯಾಗ ಕುಂತಿದ್ನಿ. ಗಂಟಿ ಸಪ್ಪಳ ಬರಲಿಲ್ಲ. ಕತ್ತಲಾದ್ರೂ ಬರಲಿಲ್ಲ. ಏನರ ಆತೇನೋ ಅಂತ ಜೀವಾ ತಡೀಲಿಲ್ಲ. ಹೊತ್ತ ಹೊಂಡೂದ್ರಾಗ ಬಸ್ಸ ಹಿಡದು ಬಂದ್ನಿ."

"ಅಗಸ್ಯಾಗ ನಿಂದೇನು ಕೆಲಸ ಇತ್ತು?"

ಮುತ್ಯಾ ಕೊಡೆಯ ತುದಿಯಿಂದ ನೆಲ ಕೆದರಿದ. "ವರ್ಷಾ ವರ್ಷಾ ಅಲ್ಲೇ ಕುಂದರ್ತೀನಲ್ಲ ಯಕ್ಕಾ. ಗಂಟಿ ಕೇಳಿದ ಕೂಡಲೆ ಹಿತ್ತಲ ದಾರೀಲೆ ಓಡಿ, ನೀ ಬರೂದ್ರಾಗ ಕಟ್ಟಿ ಮ್ಯಾಲ ಬಂದು ಕುಂದರ್ತಿದ್ನಿ. ಈಗ ಓಡೂದೂ ಮೊದಲಿನಂಗ ಆಗೂದಿಲ್ಲ."

ಆ ಬೆವರು, ಆ ಏದುಸಿರು, ಆ ಒಂದು ಕಾಲಿನ ಚಪ್ಪಲಿ ನನಗೆ ಆಗ ಅರ್ಥವಾದವು. ಆಯಿ ಅರಿವೆಯನ್ನು ಮಡಚಿ ದಮಣಿಯ ಮೇಲಿಟ್ಟಳು. ಮುಖ ಆ ಕಡೆ ಮಾಡಿಯೇ ಕೇಳಿದಳು:

"ಈ ವರ್ಷ ಎಲ್ಲೂ ಕುಸ್ತಿ ಇರಲಿಲ್ಲೇನು?"

"ಇದ್ವು ಯಕ್ಕಾ. ಬಿಟ್ಟು ಬಂದೀನಿ."

ಆಯಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಸಲ ಉಳ್ಳಾಗಡ್ಡಿಯ ಅನುಮಾನ ನನಗೆ ಬರಲಿಲ್ಲ. "ಹೊರಗ ಯಾಕ ನಿಂತಿ, ದಾಟಿ ಒಳಗ ಬಾ" ಎಂದಳು. ಮುತ್ಯಾ ಒಳಗೆ ಬಂದು ದಮಣಿಯ ನೊಗ ಕಟ್ಟುವ ಮೂಕಿಯ ಮೇಲೆ ಕೈ ಇಟ್ಟು ನಿಂತ. ಅವ್ವ ಒಳಗಿನಿಂದ ಉಂಡಿ, ನೀರು ತಂದಳು. ಅಪ್ಪ ಕುರ್ಚಿ ಬಿಟ್ಟುಕೊಟ್ಟ.

ಮಧ್ಯಾಹ್ನದ ಬಸ್ಸಿಗೆ ಅಕ್ಕ ತಮ್ಮ ಹೊರಟರು. ಗಂಟು ಮುತ್ಯಾನ ತಲೆಯ ಮೇಲೆ, ಕೊಡೆ ಆಯಿಯ ಕೈಯಲ್ಲಿ. ಗೇಟಿನವರೆಗೆ ಹೋದವಳು ತಿರುಗಿ ಬಂದು, ಸಂಚಿ ಬಿಚ್ಚಿ, ಕಡೆಗೀಲು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅವಳ ಮೈಯ ಬಿಸಿ ಇನ್ನೂ ಅದರಲ್ಲಿತ್ತು.

"ಇದನ್ನ ನೀ ಇಟ್ಕೊ. ಈ ಸಲ ಬ್ಯಾಡ. ನನ್ನ ಕರಿಯಾಕ ಬಂದಾರ."